ಸಚಿತ್ರ ಪುಸ್ತಕವೂ ಚಿತ್ರಪುಸ್ತಕವೂ: ಹೊರನಾಡ ಶಿಶುವಿನ ಕನ್ನಡ

ಕನ್ನಡದಲ್ಲಿ ‘ಮಕ್ಕಳ ಸಾಹಿತ್ಯ’ವೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆಬೇರೆ ಬಗೆಯ ಪುಸ್ತಕಗಳನ್ನು ಕೂಡಿಸಿಡುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಓದಬಲ್ಲ ಬಾಲಕನಿಗಾಗಿ ಬರೆದ ಕಥೆ, ಚರಿತ್ರೆ, ವಿಜ್ಞಾನ, ಸಾಹಸಗಳ ಪುಸ್ತಕ ಒಂದು ಬಗೆ. ಅಕ್ಷರವನ್ನಿನ್ನೂ ಅರಿಯದ, ತಾಯಿಯ ತೊಡೆಯ ಮೇಲೆ ಕುಳಿತು ನೋಡುವ ಮತ್ತು ಕೇಳುವ ಶಿಶುವಿಗಾಗಿ ಮಾಡಿದ ಪುಸ್ತಕ ಇನ್ನೊಂದು ಬಗೆ. ಮೊದಲನೆಯದಕ್ಕೆ ಓದುಗನೊಬ್ಬನಿದ್ದರೆ ಸಾಕು. ಎರಡನೆಯದಕ್ಕೆ ಇಬ್ಬರು ಬೇಕು. ಮೊದಲನೆಯದರಲ್ಲಿ ಚಿತ್ರವಿಲ್ಲದಿದ್ದರೂ ಕಥೆ ನಿಲ್ಲುತ್ತದೆ. ಎರಡನೆಯದರಲ್ಲಿ ಚಿತ್ರವನ್ನು ತೆಗೆದರೆ ಕಥೆಯೇ ಕುಸಿಯುತ್ತದೆ. ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆದುದರ ಫಲವಾಗಿ, ಶಿಶುಪುಸ್ತಕದ ಗುಣದೋಷಗಳ ವಿವೇಚನೆ ಕನ್ನಡ ವಿಮರ್ಶೆಯಲ್ಲಿ ಬೆಳೆದದ್ದು ಬಹಳ ಕಡಮೆ. ‘ಮುದ್ದಾಗಿದೆ’, ‘ಮುದ್ರಣ ಅಂದವಾಗಿದೆ’, ‘ನೀತಿಬೋಧಕವಾಗಿದೆ’ ಎಂಬ ಮೂರು ಮಾತುಗಳಲ್ಲಿ ಪರಾಮರ್ಶೆ ಮುಗಿದುಹೋಗುತ್ತದೆ.

ಈ ಉದಾಸೀನದ ನಷ್ಟವನ್ನು ಒಳನಾಡಿನ ಮಗು ಹೇಗೋ ತುಂಬಿಕೊಳ್ಳುತ್ತದೆ. ಅಂಗಳ, ಅಂಗಡಿ, ಜಾತ್ರೆ, ಶಾಲೆ ಎಲ್ಲವೂ ಅದಕ್ಕೆ ಕನ್ನಡವನ್ನೇ ಉಣಿಸುತ್ತವೆ. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿಯೋ ವಿಜಯವಾಡದಲ್ಲಿಯೋ ಬೆಳೆಯುವ ಕನ್ನಡ ಮನೆಯ ಶಿಶುವಿನ ಸ್ಥಿತಿ ಹಾಗಲ್ಲ. ಬಾಗಿಲ ಹೊರಗೆ ಕಾಲಿಟ್ಟೊಡನೆ ಅದರ ಕಿವಿಗೆ ಬೀಳುವುದು ತೆಲುಗು. ಶಾಲೆಯ ಹೊಸ್ತಿಲು ದಾಟಿದೊಡನೆ ಇಂಗ್ಲಿಷು. ಕನ್ನಡವೆಂಬುದು ನಾಲ್ಕು ಗೋಡೆಗಳೊಳಗಿನ, ಇಬ್ಬರೋ ಮೂವರೋ ಹಿರಿಯರ ಬಾಯಿಯಲ್ಲಿ ಮಾತ್ರ ಬದುಕಿರುವ ಭಾಷೆ. ಎರಡು ವರ್ಷದಿಂದ ಆರು ವರ್ಷದವರೆಗಿನ ಅವಧಿಯಲ್ಲಿ ಆ ಭಾಷೆಗೆ ಊಟ, ಸ್ನಾನ, ಗದರಿಕೆಗಳಾಚೆಗೆ ಒಂದು ಲೋಕ ದೊರೆಯದೆ ಹೋದರೆ ಅದು ಅಡುಗೆಮನೆಯ ಭಾಷೆಯಾಗಿಯೇ ಉಳಿಯುತ್ತದೆ. ಆದುದರಿಂದ ಚಿತ್ರಪುಸ್ತಕದ ಪ್ರಶ್ನೆ ಒಳನಾಡಿನಲ್ಲಿ ಅಭಿರುಚಿಯ ಪ್ರಶ್ನೆಯಾದರೆ, ಹೊರನಾಡಿನಲ್ಲಿ ಅದು ಭಾಷೆಯ ಉಳಿವಿನ ಪ್ರಶ್ನೆ.

ಸಚಿತ್ರ ಪುಸ್ತಕಕ್ಕೂ ಚಿತ್ರಪುಸ್ತಕಕ್ಕೂ ಇರುವ ಅಂತರವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಸಚಿತ್ರ ಪುಸ್ತಕದಲ್ಲಿ ಚಿತ್ರವು ಮಾತಿನ ಹಿಂದೆ ನಡೆಯುತ್ತದೆ. ಮಾತು ಹೇಳಿದ್ದನ್ನೇ ಮತ್ತೊಮ್ಮೆ ತೋರಿಸುತ್ತದೆ. ಚಿತ್ರಪುಸ್ತಕದಲ್ಲಿ ಕಥನದ ಭಾರವನ್ನು ಚಿತ್ರವೂ ಮಾತೂ ಹಂಚಿಕೊಂಡಿರುತ್ತವೆ. ಒಂದು ಬಿಟ್ಟುದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಅಮೆರಿಕದ ಮಾರಿಸ್ ಸೆಂಡಾಕ್ ೧೯೬೩ರಲ್ಲಿ ಹೊರತಂದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ತುಂಟತನ ಮಾಡಿ ಊಟವಿಲ್ಲದೆ ಕೋಣೆಗೆ ಕಳಿಸಲ್ಪಟ್ಟ ಬಾಲಕನ ಸಿಟ್ಟು ಬೆಳೆದಂತೆಲ್ಲ ಪುಟದ ಮೇಲಿನ ಚಿತ್ರವೂ ಬೆಳೆಯುತ್ತ ಹೋಗುತ್ತದೆ. ಅವನು ಕಾಡುಮೃಗಗಳ ನಾಡನ್ನು ಸೇರಿ ಅವುಗಳೊಡನೆ ಕುಣಿಯತೊಡಗಿದಾಗ ಚಿತ್ರವು ಎರಡೂ ಪುಟಗಳನ್ನು ತುಂಬಿಕೊಂಡು ಮಾತನ್ನು ಪೂರ್ತಿಯಾಗಿ ಹೊರಗೆ ಹಾಕುತ್ತದೆ. ಸಿಟ್ಟಿಳಿದು ಮನೆಗೆ ಮರಳಿದ ಮೇಲೆ ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ. ಅಮ್ಮ ಇಟ್ಟಿದ್ದ ಊಟ ಇನ್ನೂ ಬಿಸಿಯಾಗಿತ್ತೆಂಬ ಮಾತು ಮಾತ್ರ ಇದೆ. ಕೋಪವನ್ನು ಕಣ್ಣಿಗೂ ಕ್ಷಮೆಯನ್ನು ಕಿವಿಗೂ ಒಪ್ಪಿಸಿದ ಈ ಹಂಚಿಕೆಯೇ ಚಿತ್ರಪುಸ್ತಕದ ಕಲೆ.

ಈ ಕಲೆಯ ಬೇರು ಹಳೆಯದು. ಪಾಶ್ಚಾತ್ಯ ದೇಶಗಳಲ್ಲಿ ಮಕ್ಕಳಿಗಾಗಿಯೇ ರಚಿತವಾದ ಮೊದಲ ಚಿತ್ರಪಾಠಗಳಲ್ಲೊಂದೆಂದು ಗಣಿತವಾದ ಕೊಮೆನಿಯಸನ ‘ಓರ್ಬಿಸ್ ಪಿಕ್ಟಸ್’ ನ್ಯೂರೆಂಬರ್ಗಿನಲ್ಲಿ ೧೬೫೮ರಲ್ಲಿ ಅಚ್ಚಾಯಿತು. ಒಂದು ಚಿತ್ರ, ಅದರ ಭಾಗಗಳಿಗೆ ಅಂಕೆ, ಆ ಅಂಕೆಗಳಿಗೆ ಹೊಂದುವ ಪದಗಳು ಲ್ಯಾಟಿನಿನಲ್ಲಿಯೂ ಜರ್ಮನಿನಲ್ಲಿಯೂ: ಇದು ಅದರ ಕ್ರಮ. ಎಂದರೆ ಈ ಪ್ರಕಾರದ ಆದಿಯಲ್ಲಿಯೇ ಎರಡು ಭಾಷೆಗಳಿಗೆ ಒಂದು ಚಿತ್ರವೆಂಬ ತತ್ತ್ವವಿತ್ತು. ಅದನ್ನು ರಚಿಸಿದವನು ಧರ್ಮಕಲಹದ ದೆಸೆಯಿಂದ ತಾಯ್ನಾಡಾದ ಮೊರಾವಿಯಾವನ್ನು ಬಿಟ್ಟು ಬಾಳಿನ ಬಹುಭಾಗವನ್ನು ಪರದೇಶಗಳಲ್ಲಿ ಕಳೆದವನೆಂಬುದು ಹೊರನಾಡಿನ ಓದುಗರಿಗೆ ಅರ್ಥಪೂರ್ಣವಾದ ಸಂಗತಿ.

ಇಂಥ ಪುಸ್ತಕ ಶಿಶುವಿನ ಬೆಳವಣಿಗೆಗೆ ಹೇಗೆ ಒದಗುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ನಡೆಸಿ ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗ ಇವುಗಳಲ್ಲಿ ಮುಖ್ಯವಾದುದು. ಎರಡು ವರ್ಷದ ಆಸುಪಾಸಿನ ಸುಮಾರು ೩೦ ಮಕ್ಕಳ ಮನೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಂದೆತಾಯಿಯರಿಗೆ ಚಿತ್ರಪುಸ್ತಕವನ್ನು ಸುಮ್ಮನೆ ಓದಿಹೇಳದೆ, ‘ಇದೇನು ಮಾಡುತ್ತಿದೆ?’, ‘ಆಮೇಲೇನಾಯಿತು?’ ಎಂದು ಕೇಳುತ್ತ, ಮಗುವಿನ ಉತ್ತರವನ್ನು ಹಿಗ್ಗಿಸಿ ಹೇಳುತ್ತ ಓದುವ ಕ್ರಮವನ್ನು ಕಲಿಸಲಾಯಿತು. ಇನ್ನೊಂದು ಗುಂಪಿನವರು ತಮ್ಮ ರೂಢಿಯಂತೆಯೇ ಓದಿದರು. ಒಂದು ತಿಂಗಳ ಕೊನೆಗೆ ಮೊದಲ ಗುಂಪಿನ ಮಕ್ಕಳು ಮಾತಿನ ಪ್ರೌಢಿಯಲ್ಲಿ ಮುಂದಿದ್ದರು. ಇದರಿಂದ ಹೊರಡುವ ನಿರ್ಣಯ ಇಷ್ಟು: ಪುಸ್ತಕ ಮನೆಯಲ್ಲಿದ್ದ ಮಾತ್ರಕ್ಕೆ ಭಾಷೆ ಬೆಳೆಯುವುದಿಲ್ಲ, ಅದರ ಸುತ್ತ ನಡೆಯುವ ಸಂಭಾಷಣೆಯಿಂದ ಬೆಳೆಯುತ್ತದೆ. ಅಂಥ ಸಂಭಾಷಣೆಗೆ ಎಡೆಗೊಡುವ ಪುಸ್ತಕವೇ ಒಳ್ಳೆಯ ಶಿಶುಪುಸ್ತಕ.

ಈ ಮಾನದಂಡವನ್ನು ಹಿಡಿದು ಕನ್ನಡದ ಪರಂಪರೆಯನ್ನು ನೋಡಿದರೆ ಒಂದು ವೈಷಮ್ಯ ಎದ್ದು ಕಾಣುತ್ತದೆ. ಕನ್ನಡದ ಶಿಶುಸಾಹಿತ್ಯ ಕಿವಿಯ ಸಾಹಿತ್ಯವಾಗಿ ಶ್ರೀಮಂತವಾಗಿದೆ. ಕಣ್ಣಿನ ಸಾಹಿತ್ಯವಾಗಿ ಬಡವಾಗಿದೆ. ಪಂಜೆ ಮಂಗೇಶರಾಯರು (೧೮೭೪–೧೯೩೭) ಶಾಲೆಗಳ ತನಿಖಾಧಿಕಾರಿಯಾಗಿದ್ದು ಮಕ್ಕಳ ನಾಲಗೆಯ ಲಯವನ್ನು ಹತ್ತಿರದಿಂದ ಬಲ್ಲವರು. ನಾಗರಹಾವನ್ನು ಕುರಿತ ಅವರ ಹಾಡಿನಲ್ಲಿ ಮಗು ಹಾವನ್ನು ಕರೆಯುತ್ತದೆ, ಅದರ ಹೆಡೆಯ ರತ್ನವನ್ನು ಬೇಡುತ್ತದೆ, ಕೊನೆಗೆ ಹೆದರಿ ಹೊರಗೆ ಹೋಗೆನ್ನುತ್ತದೆ. ಆಸೆ, ಕುತೂಹಲ, ಭಯಗಳ ಈ ಮೂರು ತಿರುವುಗಳೂ ಪುನರುಕ್ತಿಯ ನಾದದಲ್ಲಿಯೇ ಮೂಡಿವೆ. ಪದದ ಅರ್ಥ ತಿಳಿಯದ ಮಗುವಿಗೂ ಭಾವ ತಿಳಿಯುತ್ತದೆ. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಪದ್ಯಗಳೂ ಹೀಗೆಯೇ. ಹುಡುಗ ಬಣ್ಣದ ತುತ್ತೂರಿಯನ್ನು ಕೊಂಡು ಜಂಬದಿಂದ ಮೆರೆದು, ಕೊಳದ ಬಳಿ ಅದು ನೀರಿಗೆ ಜಾರಿ ಬಣ್ಣಗೆಟ್ಟು ಹಾಳಾಗುವ ಕಥೆಯಲ್ಲಿ ನೀತಿ ಇಲ್ಲದೆ ಇಲ್ಲ. ಆದರೆ ಮಗು ನೆನಪಿಟ್ಟುಕೊಳ್ಳುವುದು ನೀತಿಯನ್ನಲ್ಲ, ತುತ್ತೂರಿಯ ಸದ್ದನ್ನು. ಬ್ರೌನಿಂಗ್ ಕವಿಯ ೧೮೪೨ರ ಕವನವನ್ನು ಆಧರಿಸಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೂ ಬದುಕಿರುವುದು ಇಲಿಗಳ ಓಟದ ಲಯದಿಂದಲೇ.

ಇವರು ಕಿವಿಗೆ ಮಾಡಿದ ಉಪಕಾರವನ್ನು ಕಣ್ಣಿಗೆ ಯಾರೂ ಅಷ್ಟೇ ಶ್ರದ್ಧೆಯಿಂದ ಮಾಡಲಿಲ್ಲವೆನ್ನಬೇಕು. ಪಾಠಪುಸ್ತಕಗಳ ಸಂಪ್ರದಾಯದಂತೆ ಒಂದು ಪದ್ಯಕ್ಕೆ ಒಂದು ಚಿತ್ರವೆಂಬ ಲೆಕ್ಕ ನಿಂತುಬಿಟ್ಟಿತು. ತುತ್ತೂರಿಯ ಕಥೆಯಲ್ಲಿ ಕೊಳ್ಳುವುದು, ಮೆರೆಯುವುದು, ನಡೆಯುವುದು, ಜಾರುವುದು, ಹಾಳಾಗುವುದು ಎಂಬ ಐದು ದೃಶ್ಯಗಳಿವೆ. ಅವುಗಳಲ್ಲಿ ಒಂದನ್ನೇ ಆರಿಸಿ ಪದ್ಯದ ತಲೆಯ ಮೇಲೆ ಇಟ್ಟಾಗ, ಪುಟ ತಿರುಗಿಸುವ ಮುನ್ನ ‘ಈಗ ಏನಾಗುತ್ತದೆ?’ ಎಂದು ಕೇಳುವ ಅವಕಾಶವೇ ತಪ್ಪಿಹೋಗುತ್ತದೆ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಚಿತ್ರಗಳ ಮಹತ್ತ್ವವನ್ನು ಮನಗಂಡ ದೊಡ್ಡ ಸಾಹಸ, ಆದರೆ ಅದು ಓದಬಲ್ಲ ಮಕ್ಕಳಿಗಾಗಿ ಮಾಡಿದ ವಿಶ್ವಕೋಶ, ತೊಡೆಯ ಮೇಲಿನ ಶಿಶುವಿಗಲ್ಲ.

ಆಂಧ್ರದ ಕನ್ನಡಿಗರ ದೃಷ್ಟಿಯಿಂದ ‘ಚಂದಮಾಮ’ದ ಪ್ರಸ್ತಾಪ ಅನಿವಾರ್ಯ. ನಾಗಿರೆಡ್ಡಿ ಮತ್ತು ತೆನಾಲಿಯ ಚಕ್ರಪಾಣಿಯವರು ಮದರಾಸಿನಿಂದ ೧೯೪೭ರ ಜುಲೈಯಲ್ಲಿ ತೆಲುಗು ಮತ್ತು ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಅನಂತರ ಕನ್ನಡಕ್ಕೂ ಬಂದಿತು. ಅದರ ಚಿತ್ರಕಾರರಲ್ಲಿ ಶ್ರೀಕಾಕುಳದ ವಡ್ಡಾದಿ ಪಾಪಯ್ಯನವರೂ ಕರ್ನಾಟಕದ ಎಂ. ಟಿ. ವಿ. ಆಚಾರ್ಯರೂ ಇದ್ದರು. ಒಂದೇ ಚಿತ್ರದ ಪಕ್ಕದಲ್ಲಿ ಒಂದು ಮನೆಯಲ್ಲಿ ತೆಲುಗು, ಇನ್ನೊಂದು ಮನೆಯಲ್ಲಿ ಕನ್ನಡ: ಕೊಮೆನಿಯಸನ ತತ್ತ್ವವೇ ತೆಂಕಣದಲ್ಲಿ ಹೀಗೆ ತಾನಾಗಿ ಸಿದ್ಧಿಸಿತು. ಆದರೂ ಗುಣದೋಷಗಳನ್ನು ತೂಗಿ ನೋಡಿದರೆ ಚಂದಮಾಮ ಸಚಿತ್ರ ಪತ್ರಿಕೆಯೇ ಹೊರತು ಚಿತ್ರಪುಸ್ತಕವಲ್ಲ. ಪುಟದ ತುಂಬ ಒತ್ತಾದ ಅಕ್ಷರ. ಚಿತ್ರವು ಕಥೆಯ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ, ಕಥೆಯನ್ನು ನಡೆಸುವುದಿಲ್ಲ. ಅಕ್ಷರ ಬಾರದ ತಮ್ಮನು ಅಣ್ಣನ ಹೆಗಲ ಮೇಲಿಂದ ಅದನ್ನು ನೋಡಿ ಸಂತೋಷಪಟ್ಟಿದ್ದರೆ ಅದು ಚಿತ್ರಕಾರನ ಪ್ರತಿಭೆಯಿಂದ, ಪತ್ರಿಕೆಯ ಉದ್ದೇಶದಿಂದಲ್ಲ. ಆ ಪತ್ರಿಕೆಯೂ ನಿಂತುಹೋಗಿ ಈಗ ವರ್ಷಗಳಾಗಿವೆ.

ಕಣ್ಣಿನ ಹಸಿವನ್ನು ಬೇರೊಂದು ದಿಕ್ಕಿನಿಂದ ತಣಿಸಿದವು ಸೋವಿಯತ್ ದೇಶದ ಮಕ್ಕಳ ಪುಸ್ತಕಗಳು. ವಿಜಯವಾಡದಲ್ಲಿ ವಿಶಾಲಾಂಧ್ರ ಮಳಿಗೆಗಳ ಮೂಲಕ ತೆಲುಗಿನಲ್ಲಿ, ಬೆಂಗಳೂರಿನಲ್ಲಿ ನವಕರ್ನಾಟಕದ ಮೂಲಕ ಕನ್ನಡದಲ್ಲಿ ಅಗ್ಗದ ಬೆಲೆಗೆ ದೊರೆಯುತ್ತಿದ್ದ ಈ ಪುಸ್ತಕಗಳ ಪೂರೈಕೆ ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದುದರೊಡನೆ ಕಡಿದುಹೋಯಿತು. ಹಿಮವನ್ನೇ ಕಾಣದ ಕರಾವಳಿಯ ಮಕ್ಕಳು ಹಿಮದ ಮೇಲೆ ಓಡುವ ನರಿಯನ್ನು ತಮ್ಮದೆಂದೇ ಸ್ವೀಕರಿಸಿದರು. ಚಿತ್ರವು ಕಥೆಯನ್ನು ತಾನೇ ನಡೆಸುತ್ತಿದ್ದರೆ ಅಪರಿಚಿತ ಲೋಕವೂ ಶಿಶುವಿಗೆ ಅಡ್ಡಿಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಂದಿನ ಪರಿಸ್ಥಿತಿ ಹಿಂದಿಗಿಂತ ಆಶಾದಾಯಕವಾಗಿದೆ. ಚೆನ್ನೈಯಲ್ಲಿ ೧೯೯೬ರಲ್ಲಿ ಆರಂಭವಾದ ತೂಲಿಕಾ ಪ್ರಕಾಶನ ಇಂಗ್ಲಿಷಿನೊಡನೆ ಕನ್ನಡ, ತೆಲುಗು ಮೊದಲಾದ ಭಾಷೆಗಳನ್ನು ಒಂದೇ ಪುಟದಲ್ಲಿ ಇರಿಸುವ ದ್ವಿಭಾಷಾ ಚಿತ್ರಪುಸ್ತಕಗಳನ್ನು ತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ೨೦೦೪ರಲ್ಲಿ ಹುಟ್ಟಿ, ೨೦೧೫ರಲ್ಲಿ ‘ಸ್ಟೋರಿವೀವರ್’ ಎಂಬ ಮುಕ್ತ ಭಂಡಾರವನ್ನು ತೆರೆಯಿತು; ಅದರಲ್ಲಿ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಿಕೊಳ್ಳಬಹುದು, ಬೇರೆ ಭಾಷೆಗೆ ತರಬಹುದು. ಹೊರನಾಡಿನ ಮನೆಗೆ ಪುಸ್ತಕ ಸಿಗುವುದಿಲ್ಲವೆಂಬ ಹಳೆಯ ದೂರಿಗೆ ಈಗ ಪೂರ್ಣ ಆಧಾರವಿಲ್ಲ. ಪುಸ್ತಕ ಸಿಗುತ್ತದೆ, ಅದರ ಕನ್ನಡ ಎಂಥದೆಂಬುದೇ ಈಗಿನ ಪ್ರಶ್ನೆ.

ಈ ಪುಸ್ತಕಗಳಲ್ಲಿ ಹಲವು ಇಂಗ್ಲಿಷಿನಲ್ಲಿ ಮೊದಲು ಹುಟ್ಟಿ ಅನಂತರ ಕನ್ನಡಕ್ಕೆ ಬಂದವು. ಅನುವಾದಕರು ಅವಸರದಲ್ಲಿದ್ದರೆ ‘ಮರಿಮೊಲವು ತನ್ನ ತಾಯಿಯಿಂದ ತುಂಬ ಪ್ರೀತಿಸಲ್ಪಟ್ಟಿತ್ತು’ ಎಂಬಂಥ ವಾಕ್ಯ ಪುಟಕ್ಕಿಳಿಯುತ್ತದೆ. ‘ಅಮ್ಮನಿಗೆ ಮರಿಮೊಲ ಅಂದರೆ ಪ್ರಾಣ’ ಎಂದು ಯಾವ ಅಜ್ಜಿಯಾದರೂ ಹೇಳಿಯಾಳು. ಮೊದಲ ವಾಕ್ಯವನ್ನು ಕೇಳಿದ ಮಗು, ಕನ್ನಡದ ಪುಸ್ತಕ ಮಾತನಾಡುವುದು ಮನೆಯವರಾರೂ ಆಡದ ಭಾಷೆಯನ್ನೆಂದು ತಿಳಿಯುತ್ತದೆ. ಒಳನಾಡಿನಲ್ಲಿ ಇದು ಶೈಲಿಯ ದೋಷ. ಹೊರನಾಡಿನಲ್ಲಿ ಇದು ಅದಕ್ಕಿಂತ ಹೆಚ್ಚಿನದು. ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳುವ ಶಿಶುವಿಗೆ ಪುಸ್ತಕದ ಕನ್ನಡವೂ ಪರಕೀಯವಾದರೆ ಅದು ಕಲಿಯಬೇಕಾದ ನಾಲ್ಕನೆಯ ಭಾಷೆಯಾಗಿ ನಿಲ್ಲುತ್ತದೆ.

ಇನ್ನೊಂದು ತೊಡಕೂ ಉಂಟು. ವಿಶಾಖಪಟ್ಟಣಕ್ಕೆ ಬಂದ ಕನ್ನಡಿಗರೆಲ್ಲರೂ ಒಂದೇ ಸೀಮೆಯವರಲ್ಲ. ಧಾರವಾಡದ ಮನೆಯ ಕನ್ನಡ ಒಂದು, ಮೈಸೂರಿನದು ಒಂದು, ಮಂಗಳೂರಿನದು ಮತ್ತೊಂದು. ಪುಟದ ತುಂಬ ಶಿಷ್ಟ ಗದ್ಯವನ್ನು ಹರಡಿದರೆ ಓದಿಹೇಳುವ ತಾಯಿ ಪ್ರತಿಯೊಂದು ವಾಕ್ಯವನ್ನೂ ತನ್ನ ಮಾತಿಗೆ ತಿರುಗಿಸಿಕೊಳ್ಳಬೇಕಾಗುತ್ತದೆ, ಇಲ್ಲವೆ ತನ್ನದಲ್ಲದ ದನಿಯಲ್ಲಿ ಓದಬೇಕಾಗುತ್ತದೆ. ಚಿತ್ರವು ಹೆಚ್ಚನ್ನು ಹೇಳಿ ಮಾತು ಕಡಮೆಯಾದಷ್ಟೂ ಆಯಾ ಮನೆಯ ಕನ್ನಡ ಪುಟದೊಳಕ್ಕೆ ಬರಲು ಎಡೆಯಾಗುತ್ತದೆ. ಪ್ರಾದೇಶಿಕ ಭೇದಗಳ ನಡುವೆ ಇಂಥ ಔದಾರ್ಯವನ್ನು ತೋರಬಲ್ಲ ಪ್ರಕಾರ ಚಿತ್ರಪುಸ್ತಕದಷ್ಟು ಬೇರೊಂದಿಲ್ಲ.

ಹಾಗಾದರೆ ಆಂಧ್ರದ ಕನ್ನಡ ಶಿಶುವಿಗೆ ತಕ್ಕ ಕಥೆ ಯಾವುದು? ದೂರ ಹುಡುಕಬೇಕಾಗಿಲ್ಲ. ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆ ಕನ್ನಡಿಗರಿಗೆ ಪರಿಚಿತ. ಒಣಹಾಕಿದ ಸಿಗಡಿ ಒಣಗದೆ ಉಳಿದುದಕ್ಕೆ ಕಾರಣವನ್ನು ಹುಡುಕುತ್ತ ಪ್ರಶ್ನೆಯಿಂದ ಪ್ರಶ್ನೆಗೆ, ಒಬ್ಬರಿಂದ ಇನ್ನೊಬ್ಬರಿಗೆ ಸಾಗುವ ಸರಪಳಿಗಥೆ ಅದು. ಇದರ ಒಡಹುಟ್ಟೆನ್ನಬಹುದಾದ ಕಥೆ ತೆಲುಗರ ಮನೆಮನೆಯಲ್ಲಿಯೂ ‘ಏಡು ಚೇಪಲ ಕಥ’ ಎಂಬ ಹೆಸರಿನಿಂದ ಬದುಕಿದೆ. ರಾಜನ ಏಳು ಮಂದಿ ಮಕ್ಕಳು ಏಳು ಮೀನು ತಂದು ಒಣಹಾಕುತ್ತಾರೆ, ಒಂದು ಒಣಗುವುದಿಲ್ಲ. ಮೀನು ಹುಲ್ಲಿನ ಮೆದೆಯನ್ನು ದೂರುತ್ತದೆ, ಮೆದೆ ಹಸುವನ್ನು, ಹಸು ದನಗಾಹಿಯನ್ನು, ದನಗಾಹಿ ಅನ್ನವಿಕ್ಕದ ಅಜ್ಜಿಯನ್ನು, ಅಜ್ಜಿ ಅತ್ತ ಮಗುವನ್ನು, ಮಗು ಕಚ್ಚಿದ ಇರುವೆಯನ್ನು. ಕೊನೆಗೆ ಇರುವೆ, ತನ್ನ ಚಿನ್ನದಂಥ ಪುಟ್ಟ ಮನೆಯೊಳಗೆ ಬೆರಳಿಟ್ಟರೆ ಕಚ್ಚದಿರುವೆನೇ ಎಂದು ಮರುಪ್ರಶ್ನೆ ಹಾಕುತ್ತದೆ.

ಚಿತ್ರಪುಸ್ತಕದ ದೃಷ್ಟಿಯಿಂದ ಈ ಕಥೆಯ ಕಟ್ಟಡವನ್ನು ಪರಿಶೀಲಿಸಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಪ್ರತಿಯೊಂದು ಪ್ರಶ್ನೆ ಬಲಪುಟದ ಕೊನೆಯಲ್ಲಿ ನಿಲ್ಲುತ್ತದೆ; ಉತ್ತರಕ್ಕಾಗಿ ಪುಟ ತಿರುಗಿಸಲೇಬೇಕು. ಮಾತು ಒಂದೇ ಅಚ್ಚಿನಲ್ಲಿ ಮರಳಿ ಮರಳಿ ಬರುವುದರಿಂದ ಎರಡನೆಯ ಓದಿಗೇ ಮಗು ತಾನೂ ಕೂಡಿ ಹೇಳುತ್ತದೆ. ದೊಡ್ಡವರ ದೂರುಗಳೆಲ್ಲ ಸುತ್ತಿ ಬಂದು ಅತ್ಯಂತ ಚಿಕ್ಕ ಜೀವದ ನ್ಯಾಯದ ಮುಂದೆ ನಿಲ್ಲುವುದರಿಂದ, ಲೋಕದಲ್ಲಿ ಎಲ್ಲರಿಗಿಂತ ಚಿಕ್ಕವನಾದ ಕೇಳುಗನಿಗೆ ಅದು ತನ್ನ ಗೆಲುವೆನಿಸುತ್ತದೆ. ಕಾರ್ಯಕಾರಣದ ಮೊದಲ ಪಾಠವೂ ಇದರಲ್ಲಿದೆ. ಆದರೆ ಪಾಠವೆಂಬ ಭಾರ ಇಲ್ಲ. ಮೀನು ಒಣಗಿಸುವ ನೋಟವಂತೂ ಮಂಗಳೂರಿನ ಕಡಲಿಗೂ ವಿಶಾಖಪಟ್ಟಣದ ಕಡಲಿಗೂ ಸಮಾನ.

ಈ ಕಥೆಯನ್ನು ಒಂದೇ ಚಿತ್ರಮಾಲೆಯ ಕೆಳಗೆ ಕನ್ನಡ ತೆಲುಗುಗಳೆರಡರಲ್ಲಿಯೂ ಇಟ್ಟರೆ ಭಾಷೆಗಳ ನಂಟು ಮಗುವಿನ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾದುದು ಪಂಡಿತರಿಗೆ ತಿಳಿದ ವಿಷಯ. ತೆಲುಗು ಆ ಪಕಾರವನ್ನು ಉಳಿಸಿಕೊಂಡಿದೆ. ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು, ಪುವ್ವು–ಹೂವು, ಪಂಡು–ಹಣ್ಣು: ಬೀದಿಯಲ್ಲಿ ಒಂದು, ಮನೆಯಲ್ಲಿ ಒಂದು. ವ್ಯಾಕರಣದ ಸೂತ್ರವಿಲ್ಲದೆಯೇ ಮಗು ಇದನ್ನು ಆಟವಾಗಿ ಕಂಡುಕೊಳ್ಳಬಲ್ಲುದು. ಬೇರೆ ಕೆಲವು ಪದಗಳು ಮೋಸಮಾಡುತ್ತವೆ. ತೆಲುಗಿನ ‘ಪುಟ್ಟ’ ಕನ್ನಡದ ಹುತ್ತ. ಕನ್ನಡದ ‘ಪುಟ್ಟ’ ಚಿಕ್ಕದು. ತೆಲುಗಿನ ‘ಅನ್ನ’ ಅಣ್ಣನೂ ಆದಾನು. ಕನ್ನಡದಲ್ಲಿ ಅದು ತಟ್ಟೆಯಲ್ಲಿರುವುದು. ‘ಮೂಡು’ ಅಲ್ಲಿ ಮೂರು. ಇಲ್ಲಿ ಸೂರ್ಯನ ಕೆಲಸ. ಇಂಥ ಕಡೆ ನಿಘಂಟಿಗಿಂತ ಚಿತ್ರವೇ ಮೇಲಾದ ಸಾಕ್ಷಿ. ಇರುವೆಯ ಹುತ್ತವನ್ನು ಕಣ್ಣಾರೆ ಕಂಡ ಮಗುವಿಗೆ ಎರಡು ‘ಪುಟ್ಟ’ಗಳೂ ಗೊಂದಲವಾಗದೆ ನಗೆಯಾಗುತ್ತವೆ.

ಲಿಪಿಸಾಮ್ಯವನ್ನು ನೆಚ್ಚಿಕೊಂಡವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದವು. ಶಾಲೆಯಲ್ಲಿ ತೆಲುಗು ಅಕ್ಷರ ಕಲಿತ ಮಗುವಿಗೆ ಕನ್ನಡದ ಅಕ್ಷರಗಳು ಕೆಲವೇ ದಿನಗಳಲ್ಲಿ ಬರುತ್ತವೆ. ಭಾನುವಾರದ ತರಗತಿಯೊಂದಿದ್ದರೆ ಸಾಲದೇ ಎಂದು. ಅಕ್ಷರ ಬರುವುದು ದಿಟ. ಆದರೆ ಎಂಟನೆಯ ವರ್ಷದಲ್ಲಿ ಅಕ್ಷರ ಕೂಡಿಸಿ ಪದವನ್ನು ಉಚ್ಚರಿಸಿದಾಗ ಆ ಪದದ ಹಿಂದೆ ಒಂದು ಚಿತ್ರ, ಒಂದು ದನಿ, ಒಂದು ತೊಡೆಯ ಬಿಸಿ ಇಲ್ಲದೆ ಹೋದರೆ ಅದು ಉಚ್ಚಾರಣೆಯಾಗುತ್ತದೆಯೇ ಹೊರತು ಓದಾಗುವುದಿಲ್ಲ. ಲಿಪಿಯ ಸುಲಭತೆ ಆರರ ಮುಂಚಿನ ವರ್ಷಗಳ ಕೆಲಸಕ್ಕೆ ಬದಲಿಯಲ್ಲ. ಕೈಯಲ್ಲಿನ ಮೊಬೈಲು ಕನ್ನಡದ ಹಾಡುಗಳನ್ನು ಬೇಕಾದಷ್ಟು ತೋರಿಸುತ್ತದೆಂಬ ಮಾತಿಗೂ ಉತ್ತರ ಇದೇ. ಆ ತೆರೆ ತಾನಾಗಿ ಓಡುತ್ತದೆ, ಯಾರ ಉತ್ತರಕ್ಕೂ ಕಾಯುವುದಿಲ್ಲ. ಪುಸ್ತಕದ ಪುಟ ಯಾರಾದರೊಬ್ಬರು ಮಾತನಾಡುವವರೆಗೆ ಸುಮ್ಮನಿರುತ್ತದೆ; ಆ ಮೌನವೇ ಮಗುವಿನ ಬಾಯನ್ನು ತೆರೆಸುತ್ತದೆ.

ಇಷ್ಟರಿಂದ ಶಿಶುಪುಸ್ತಕದ ವಿಮರ್ಶೆಗೆ ಬೇಕಾದ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಮಾತನ್ನು ಮುಚ್ಚಿದರೂ ಚಿತ್ರಗಳಿಂದ ಕಥೆ ಅರ್ಧವಾದರೂ ನಡೆಯುತ್ತದೆಯೇ? ಪುಟ ತಿರುಗುವಲ್ಲಿ ಮಗು ಏನನ್ನಾದರೂ ನಿರೀಕ್ಷಿಸುತ್ತದೆಯೇ? ವಾಕ್ಯ ಒಂದು ಮನೆಯ ಬಾಯಿಗಾದರೂ ಒಗ್ಗುವ ಕನ್ನಡವೇ? ಹತ್ತನೆಯ ಸಲ ಓದುವ ಹಿರಿಯರಿಗೂ ಅದು ಬೇಸರ ತಾರದಿದೆಯೇ? ‘ನೀತಿ ಇದೆಯೇ?’ ಎಂಬ ಪ್ರಶ್ನೆ ಇವುಗಳ ಅನಂತರ ಬರಲಿ.

ಈ ಪರೀಕ್ಷೆಯನ್ನು ನಡೆಸಬೇಕಾದ ಹೊಣೆ ಹೊರನಾಡಿನ ಸಂಘಗಳ ಮೇಲೆಯೇ ಇದೆ. ದ್ವಾರಕಾ ನಗರದಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ವಿಜಯವಾಡ ತೆಲುಗು ಪ್ರಕಟಣೆಯ ಹಳೆಯ ಕೇಂದ್ರ, ಅಲ್ಲಿಯ ಪುಸ್ತಕೋತ್ಸವ ಪ್ರಸಿದ್ಧ. ಕನ್ನಡ ಸಂಘದ ಕಪಾಟಿನಲ್ಲಿ ಕಾದಂಬರಿ, ಕಾವ್ಯ, ಸಂಶೋಧನ ಗ್ರಂಥಗಳ ಕೆಳಗೆ, ಮೂರು ವರ್ಷದ ಮಗುವಿನ ಕೈಗೆ ಎಟಕುವ ಅಡಿಯ ಸಾಲೊಂದು ಚಿತ್ರಪುಸ್ತಕಗಳಿಗೆ ಮೀಸಲಾಗಬೇಕು. ಮೀನಿನ ಕಥೆಯಂಥ ಎರಡು ನಾಡುಗಳ ಸ್ವತ್ತನ್ನು ಒಬ್ಬ ತೆಲುಗು ಚಿತ್ರಕಾರನೂ ಒಬ್ಬ ಕನ್ನಡ ಬರಹಗಾರನೂ ಕೂಡಿ ಪುಸ್ತಕವಾಗಿಸುವುದು ಸಂಘದ ಶಕ್ತಿಗೆ ಮೀರಿದ ಕೆಲಸವಲ್ಲ. ಪಂಪನ ಪೂರ್ವಿಕರು ವೆಂಗಿಯ ನಾಡಿನವರೆಂಬ ಹೆಮ್ಮೆಯನ್ನು ಆಂಧ್ರದ ಕನ್ನಡಿಗರು ಆಗಾಗ ನೆನೆಯುವುದುಂಟು. ಆ ಹೆಮ್ಮೆ ಮುಂದಿನ ತಲೆಮಾರಿಗೆ ಸಲ್ಲಬೇಕಾದರೆ ಪಂಪನನ್ನು ಓದುವ ವಯಸ್ಸಿಗೆ ಮುಂಚೆಯೇ ಮಗುವಿಗೆ, ಒಣಗದ ಮೀನನ್ನು ‘ಯಾಕೆ?’ ಎಂದು ಕನ್ನಡದಲ್ಲಿ ಕೇಳಲು ಬರಬೇಕು.